ಎಣಿಕೆಯಕ್ಕ ಮತ್ತು ಕುರುಡು ಕೊಳವೆ

ಎಣಿಕೆಯಕ್ಕನಿಗೆ ಬ್ಯಾಕ್ಟೀರಿಯಾಗಳ ಬಗ್ಗೆ ಇದ್ದದ್ದು ಭಯವಲ್ಲ, ಕುತೂಹಲವೂ ಅಲ್ಲ. ಶುದ್ಧ ತಾತ್ಸಾರ. ಹಾಲು ಕಾಯಿಸಿ, ತಣಿಸಿ, ಪ್ಯಾಕೆಟ್ಟಿಗೆ ತುಂಬುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅವುಗಳ ಮುಖ ನೋಡಿದವಳು ಅವಳು. ಗಾಜಿನ ತಟ್ಟೆಗೆ ಹಾಲಿನ ಹನಿ ಹಾಕಬೇಕು. ಅದರ ಮೇಲೆ ಬ್ಯಾಕ್ಟೀರಿಯಾಗಳಿಗೆ ಊಟವಾಗುವಂಥ ಬೆಚ್ಚಗಿನ ಗಂಜಿಯೊಂದನ್ನು ಸುರಿಯಬೇಕು. ಅದು ಹೆಪ್ಪುಗಟ್ಟಿದ ಮೇಲೆ ಎರಡು ದಿನ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಎದ್ದ ಚುಕ್ಕೆಗಳನ್ನು ಎಣಿಸಬೇಕು. ಒಂದೊಂದು ಚುಕ್ಕೆಯೂ ಒಂದೊಂದು ಬ್ಯಾಕ್ಟೀರಿಯಾದ ವಂಶ. ಹನಿಯಲ್ಲಿ ಒಂದೇ ಒಂದು ಇದ್ದದ್ದು ಎರಡು ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಸಂಸಾರ ಮಾಡಿಕೊಂಡಿರುತ್ತಿತ್ತು. ಅವಳು ಬೆಳಕಿನ ಮೇಜಿನ ಮೇಲೆ ತಟ್ಟೆ ಇಟ್ಟು, ಒಂದೊಂದು ಚುಕ್ಕೆಗೂ ಪೆನ್ನಿನಿಂದ ಗುರುತು ಹಾಕುತ್ತ ಎಣಿಸುತ್ತಿದ್ದಳು. ಅದಕ್ಕೇ ಆ ಹೆಸರು. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಿದ್ದರು.

ಕಾರ್ಖಾನೆ ನೋಡಲು ಬಂದ ದೊಡ್ಡ ಮನುಷ್ಯರನ್ನು ಮ್ಯಾನೇಜರ್ ಲ್ಯಾಬಿಗೂ ಕರೆತರುತ್ತಿದ್ದ. ಒಮ್ಮೆ ಅಂಥವರೊಬ್ಬರ ಹೆಂಡತಿ ತಟ್ಟೆಯೊಂದನ್ನು ನೋಡಿ ಮೂಗು ಮುಚ್ಚಿಕೊಂಡು ಕೇಳಿದರು.

"ಇವುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು?"

"ಗಂಡೂ ಇಲ್ಲ, ಹೆಣ್ಣೂ ಇಲ್ಲ," ಎಂದಳು ಎಣಿಕೆಯಕ್ಕ. "ಮದುವೆ ಇಲ್ಲ, ಬಸಿರಿಲ್ಲ, ಬಾಣಂತನ ಇಲ್ಲ. ತಿನ್ನುತ್ತೆ, ಉದ್ದ ಆಗುತ್ತೆ. ಒಳಗೆ ವಂಶದ ಗುಣ ಹೊತ್ತಿರೋ ನೂಲುಂಡೆ ತನ್ನ ಹಾಗೇ ಇನ್ನೊಂದನ್ನ ಮಾಡ್ಕೊಳ್ಳುತ್ತೆ. ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ. ನಡುವೆ ಒಂದು ಗೋಡೆ ಏಳುತ್ತೆ. ಎರಡು ಹೋಳು. ಮುಗೀತು."

"ಹಾಗಾದ್ರೆ ತಾಯಿ ಯಾವುದು, ಮಗು ಯಾವುದು?"

"ಎರಡೂ ಮಕ್ಕಳೇ. ತಾಯಿ ನಾಪತ್ತೆ. ಸತ್ತಳು ಅನ್ನೋ ಹಾಗಿಲ್ಲ, ಹೆಣ ಇಲ್ಲ. ಬದುಕಿದ್ದಾಳೆ ಅನ್ನೋ ಹಾಗೂ ಇಲ್ಲ, ಅವಳೇ ಇಲ್ಲ. ಇಷ್ಟು ಬೇಜವಾಬ್ದಾರಿ ಸಂತಾನ ನೀವು ಇನ್ನೆಲ್ಲೂ ನೋಡಲ್ಲ."

ಆ ಹೆಂಗಸು ನಕ್ಕರು. ಎಣಿಕೆಯಕ್ಕ ನಗಲಿಲ್ಲ. ಬೆರಳು ಮಡಿಸುತ್ತ ಮುಂದುವರಿಸಿದಳು. ಬೆಚ್ಚಗೆ ಇದ್ದು, ತಿನ್ನಲು ಹಾಲು ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಂದು ಸಲ ಒಂದು ಎರಡಾಗುತ್ತದೆ. ಬೆಳಗ್ಗೆ ಎಂಟಕ್ಕೆ ಒಂದು ಇದ್ದರೆ ಒಂಬತ್ತಕ್ಕೆ ಎಂಟು. ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ಸಾವಿರದ ತೊಂಬತ್ತಾರು. ಮೂರಕ್ಕೆ ಇಪ್ಪತ್ತು ಲಕ್ಷ ದಾಟುತ್ತದೆ. ಸಂಜೆ ಆರಕ್ಕೆ ನೂರೇಳು ಕೋಟಿ.

"ನೂರೇಳು ಕೋಟಿ! ಆಮೇಲೆ?"

"ಆಮೇಲೇನು? ತಿಂದು ತಿಂದು ಊಟ ಮುಗಿಯುತ್ತೆ. ತಾವೇ ಬಿಟ್ಟ ಹುಳೀಲಿ ತಾವೇ ಸಾಯ್ತವೆ. ಅಷ್ಟು ಜನ ಸೇರಿ ಇನ್ನೇನೂ ಮಾಡಲ್ಲ."

ಕೊನೆಯ ಮಾತು ಹೇಳುವಾಗ ಅವಳು ಮ್ಯಾನೇಜರನ ಕಡೆ ನೋಡಿದಳು ಎಂದು ಆಮೇಲೆ ಎಲ್ಲರೂ ಹೇಳಿಕೊಂಡು ನಕ್ಕರು. ಅವಳು ನೋಡಿದ್ದು ನಿಜ.

ಟೈಲರನೊಬ್ಬನ ಮಗಳು ಅವಳು. ವಿಜ್ಞಾನ ಓದಿ, ಇಪ್ಪತ್ತೆರಡನೇ ವಯಸ್ಸಿಗೆ ತಾತ್ಕಾಲಿಕ ಕೆಲಸ ಎಂದು ಕಾರ್ಖಾನೆ ಸೇರಿದವಳು ಅಲ್ಲೇ ಉಳಿದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಆಗದೇ ಇದ್ರೆ ಹಿಟ್ಟು ಹುದುಗಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಬಸ್ ಓಡಿಸುವ ತಮ್ಮನ ಮನೆಯಲ್ಲೇ ಇದ್ದಳು. ಎರಡು ಕೋಣೆಯ ಆ ಮನೆಯಲ್ಲಿ ಒಂದು ಕೋಣೆ ಅವಳದು, ಅಡುಗೆಮನೆಯ ಆಡಳಿತವೂ ಅವಳದೇ. ಪಾತ್ರೆ ಒರೆಸುವ ಬಟ್ಟೆಯನ್ನು ದಿನಾ ಕುದಿಸಬೇಕು. ಕೈ ತೊಳೆಯುವಾಗ ಹೆಬ್ಬೆರಳ ಸಂದು ಬಿಡಬಾರದು. ಮಾಡಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ತಮ್ಮನ ಹೆಂಡತಿ ಸಾಧು ಹೆಂಗಸು. ಆದರೂ ಒಮ್ಮೊಮ್ಮೆ ಅವಳ ಸಹನೆಯೂ ಸಡಿಲವಾಗುತ್ತಿತ್ತು.

"ಅಕ್ಕಾ, ನಮ್ಮಮ್ಮ ಇದ್ಯಾವುದೂ ಮಾಡಲಿಲ್ಲ. ನಾವು ಆರು ಜನ ಬೆಳೆದ್ವಿ."

"ಎಂಟು ಜನ ಹುಟ್ಟಿದ್ರಿ ಅಲ್ವಾ?" ಎಂದಳು ಎಣಿಕೆಯಕ್ಕ.

ತಮ್ಮನ ಹೆಂಡತಿ ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ನಾಲಿಗೆ ಅಷ್ಟು ಹರಿತ. ತಾನು ಹೇಳಿದ್ದು ತಪ್ಪು ಎಂದು ಅವಳಿಗೆ ಆ ಮೂರು ದಿನವೂ ಅನ್ನಿಸಿರಲಿಕ್ಕಿಲ್ಲ. ಲೆಕ್ಕ ಸರಿಯಿತ್ತಲ್ಲ.

ಕಾರ್ಖಾನೆಯಲ್ಲಿ ಅವಳ ತಾತ್ಸಾರಕ್ಕೆ ಆಹಾರ ಬೇಕಾದಷ್ಟಿತ್ತು. ಮೊದಲನೆಯದು ಮ್ಯಾನೇಜರ್. ಹಾಲಿನ ಕಾರ್ಖಾನೆಗೆ ಮೈತುಂಬ ಸೆಂಟು ಹೊಡೆದುಕೊಂಡು ಬರುವ ಮನುಷ್ಯ. ಅವನು ಕಾರಿಡಾರಿನಲ್ಲಿ ಹೋಗಿ ಕಾಲು ಗಂಟೆಯಾದರೂ ವಾಸನೆ ಅಲ್ಲೇ ನಿಂತಿರುತ್ತಿತ್ತು. ಎಲ್ಲರೂ ಅವನನ್ನು ಸೆಂಟು ಸಾಹೇಬ ಎನ್ನುತ್ತಿದ್ದರು. ಅವನಿಗೆ ಯಂತ್ರಕ್ಕಿಂತ ಯಂತ್ರದ ಮುಂದೆ ನಿಂತು ತೆಗೆಸಿಕೊಳ್ಳುವ ಫೋಟೋ ಮುಖ್ಯ. ಅವಳ ಕೆಲಸದ ಮೂವತ್ತೊಂದನೇ ವರ್ಷ ಹೊಸ ಪ್ಯಾಕಿಂಗ್ ಯಂತ್ರ ಬಂದಾಗ, ಬಾಗಿಲಿನಿಂದ ಒಳಗೆ ಬಂದವರಿಗೆ ಮೊದಲು ಅದೇ ಕಾಣಬೇಕು ಎಂದು ಹಳೆಯ ಯಂತ್ರವನ್ನು ಕೀಳಿಸಿ, ಹೊಸದನ್ನು ಹತ್ತು ಅಡಿ ಮುಂದೆ ಕೂರಿಸಿದ. ರಿಬ್ಬನ್ ಕತ್ತರಿಸುವ ದಿನ ನಿಗದಿಯಾಗಿತ್ತು. ಸಮಯವಿರಲಿಲ್ಲ. ಹಳೆಯ ಯಂತ್ರಕ್ಕೆ ಹೋಗುತ್ತಿದ್ದ ಪೈಪಿನ ತುಂಡನ್ನು ಕತ್ತರಿಸಿ ತೆಗೆಯುವ ಬದಲು ಬಾಯಿಗೊಂದು ತಿರುಪಿನ ಬಿರಡೆ ಬಿಗಿದು ಹಾಗೇ ಬಿಟ್ಟರು. ಮುಖ್ಯ ಪೈಪಿನಿಂದ ಕವಲೊಡೆದು, ಎಲ್ಲಿಗೂ ಹೋಗದ ಮೊಳದುದ್ದದ ಕುರುಡು ಕೊಳವೆ ಅದು. ಗೋಡೆಯ ಮೂಲೆಯಲ್ಲಿ, ಬಾಯ್ಲರಿನಿಂದ ಬರುವ ಬಿಸಿ ಪೈಪಿಗೆ ಒತ್ತಿಕೊಂಡು ಇತ್ತು. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಫೋಟೋದಲ್ಲಿಯೂ ಬೀಳಲಿಲ್ಲ.

ಯಾರಿಗೂ ಕಾಣದ್ದು ಕಂಡದ್ದು ಪೈಪಣ್ಣನಿಗೆ. ದಿನಾ ಸಂಜೆ ಬಿಸಿನೀರು, ಕಾಸ್ಟಿಕ್ ಸೋಡಾ ನೀರು ಹರಿಸಿ ಕಾರ್ಖಾನೆಯ ಪೈಪುಗಳನ್ನೆಲ್ಲ ತೊಳೆಯುವವನು ಅವನು. ವಯಸ್ಸಿನಲ್ಲಿ ಎಣಿಕೆಯಕ್ಕನಿಗಿಂತ ಒಂದು ವರ್ಷ ದೊಡ್ಡವನು. ಓದು ಬರಹ ಅಷ್ಟಕ್ಕಷ್ಟೆ. ಮಾತೂ ಅಷ್ಟಕ್ಕಷ್ಟೆ. ರಿಬ್ಬನ್ ಕತ್ತರಿಸಿ ಎರಡು ವಾರವಾದ ಮೇಲೆ ಒಂದು ದಿನ ಲ್ಯಾಬಿನ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ, ಬೂಟು ಒದ್ದೆಯಾಗಿತ್ತು.

"ಮೇಡಂ, ಆ ಮೂಲೆ ಪೈಪಿನ ಬಿರಡೆ ಬಿಚ್ಚಿ ಬೆರಳು ಹಾಕಿ ನೋಡಿದೆ. ಒಳಗೆ ಜಾರುತ್ತೆ. ಲೋಳೆ ಥರ."

ಎಣಿಕೆಯಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಜಾರೋದು ಸೋಪು. ನೀನು ಸರಿಯಾಗಿ ನೀರು ಬಿಟ್ಟಿಲ್ಲ, ಅಷ್ಟೇ."

"ಸೋಪಿನ ಜಾರು ನಂಗೊತ್ತು ಮೇಡಂ. ಇದು ಆ ಥರ ಅಲ್ಲ."

"ನಿಂಗೆ ಗೊತ್ತಾದ್ರೆ ಈ ಲ್ಯಾಬ್ ಯಾಕಯ್ಯಾ ಬೇಕಿತ್ತು? ಹೋಗು, ಇನ್ನೊಂದು ಸಲ ತೊಳಿ."

ಪೈಪಣ್ಣ ಹೋದ. ಅವನು ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ಬೇಸಿಗೆ ಹತ್ತಿದಂತೆ ದೂರುಗಳು ಬರತೊಡಗಿದವು. ನಾಲ್ಕು ದಿನ ಇರಬೇಕಾದ ಹಾಲು ಎರಡನೇ ದಿನಕ್ಕೇ ಒಡೆಯುತ್ತಿತ್ತು. ಎಣಿಕೆಯಕ್ಕ ಹಾಲು ಕಾಯಿಸುವ ಯಂತ್ರದ ಬಾಯಿಂದ ಮಾದರಿ ತೆಗೆದಳು. ತಟ್ಟೆ ಬಹುತೇಕ ಖಾಲಿ, ನಾಲ್ಕಾರು ಚುಕ್ಕೆ. ಅದೇ ಹಾಲನ್ನು ಪ್ಯಾಕೆಟ್ಟಿಗೆ ತುಂಬಿದ ಮೇಲೆ ತೆಗೆದಳು. ತಟ್ಟೆಯ ತುಂಬ ಚುಕ್ಕೆ. ಅಂದರೆ ಕಾದು ಶುದ್ಧವಾಗಿ ಹೊರಟ ಹಾಲಿಗೆ ದಾರಿಯಲ್ಲಿ ಎಲ್ಲೋ ಕೊಳೆ ಸೇರುತ್ತಿದೆ. ಇನ್ನೂ ಒಂದು ವಿಚಿತ್ರವಿತ್ತು. ಬೆಳಗ್ಗೆಯ ಪ್ಯಾಕೆಟ್ಟುಗಳಲ್ಲಿ ಒಂದು ಹನಿಗೆ ನಲವತ್ತು ಚುಕ್ಕೆಯಿದ್ದರೆ, ಮಧ್ಯಾಹ್ನ ಒಂದು ಗಂಟೆ ಕಾಲದ ಊಟದ ಬಿಡುವು ಮುಗಿದು ಯಂತ್ರ ಮತ್ತೆ ಶುರುವಾದಾಗ ಬರುವ ಮೊದಲ ಪ್ಯಾಕೆಟ್ಟುಗಳಲ್ಲಿ ಮುನ್ನೂರ ಹತ್ತು, ಮುನ್ನೂರ ಇಪ್ಪತ್ತು. ಆಮೇಲೆ ನಿಧಾನಕ್ಕೆ ಇಳಿಯುತ್ತಿತ್ತು.

ಇದನ್ನು ನೋಡಿದ ತಕ್ಷಣ ಅವಳಿಗೆ ಉತ್ತರ ಸಿಕ್ಕಿಬಿಟ್ಟಿತು. ಮನುಷ್ಯರ ಬಗ್ಗೆ ಅವಳು ಮೊದಲೇ ಬರೆದಿಟ್ಟುಕೊಂಡಿದ್ದ ಉತ್ತರ ಅದು. ಪ್ಯಾಕಿಂಗಿನ ಹದಿನಾಲ್ಕು ಜನ ಹೆಂಗಸರು ಉಂಡು ಬಂದು ಕೈ ತೊಳೆಯುತ್ತಿಲ್ಲ.

ಅವಳು ಪ್ಯಾಕಿಂಗ್ ಕೋಣೆಗೆ ಹೋಗಿ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದಳು. ಉಗುರು ತೋರಿಸಿ ಎಂದಳು. ಶಾಲೆಯ ಮಕ್ಕಳ ಹಾಗೆ ಅವರು ಕೈ ಚಾಚಿದರು. ಅವರಲ್ಲಿ ಹಿರಿಯಳಾದ, ಯಂತ್ರಕ್ಕೆ ಪ್ಲಾಸ್ಟಿಕ್ ಸುರುಳಿ ಏರಿಸುವ ಹೆಂಗಸು ಮಾತ್ರ ಕೈ ಮುಂದೆ ಮಾಡಲಿಲ್ಲ.

"ಮೇಡಂ, ಕೈಗೆ ಗ್ಲೌಸ್ ಹಾಕ್ಕೊಂಡೇ ಕೆಲಸ ಮಾಡ್ತೀವಿ. ಹಾಲಿಗೂ ನಮಗೂ ಮುಟ್ಟಾಟ ಇಲ್ಲ. ಪೈಪಿಂದ ಬರುತ್ತೆ, ಪ್ಯಾಕೆಟ್ಟಿಗೆ ಬೀಳುತ್ತೆ."

"ಗ್ಲೌಸನ್ನ ಯಾವ ಕೈಯಿಂದ ಹಾಕ್ಕೊಳ್ತೀರಿ?"

ಹೆಂಗಸು ತನ್ನ ಗ್ಲೌಸನ್ನು ಎಳೆದು ಬಿಗಿಮಾಡಿಕೊಂಡಳು. ಮುಖ ಕೆಂಪಾಯಿತು. ಎಣಿಕೆಯಕ್ಕ ಗೆದ್ದೆನೆಂದುಕೊಂಡು ಹೋದಳು. ಮರುದಿನದಿಂದ ಊಟದ ಬಿಡುವು ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ತನ್ನ ಕಣ್ಣೆದುರೇ ತೊಳೆಸಿದಳು. ಹಾಗೆ ಹತ್ತು ದಿನ. ಚುಕ್ಕೆಗಳು ಒಂದೂ ಕಡಿಮೆಯಾಗಲಿಲ್ಲ.

ಇಷ್ಟರಲ್ಲಿ ಸೆಂಟು ಸಾಹೇಬನೂ ತನ್ನದೇ ಪರಿಹಾರ ಹುಡುಕಿಕೊಂಡಿದ್ದ. ಪೆಟ್ಟಿಗೆ ಹಿಡಿದ ತಜ್ಞನೊಬ್ಬನನ್ನು ಕರೆಸಿದ. ತಜ್ಞ ಎಂದರೆ ನೀಲಿ ಬಣ್ಣದ ತೊಳೆಯುವ ದ್ರವ ಮಾರುವವನು. ಊಟದ ಬಿಡುವಿನಲ್ಲಿ ಯಂತ್ರ ನಿಲ್ಲಿಸಿ, ಎಲ್ಲರನ್ನೂ ಕೂರಿಸಿ, ಪರದೆಯ ಮೇಲೆ ಚಿತ್ರ ತೋರಿಸಿದ. ಚಿತ್ರದಲ್ಲಿ ಬ್ಯಾಕ್ಟೀರಿಯಾಗಳಿಗೆ ಕಣ್ಣು, ಹಲ್ಲು ಎಲ್ಲ ಇದ್ದವು. ನೀಲಿ ದ್ರವ ಬಿದ್ದ ಕೂಡಲೇ ಕಿರುಚಿಕೊಂಡು ಸಾಯುತ್ತಿದ್ದವು.

"ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಪಾಲು ಖತಂ!" ಎಂದ ತಜ್ಞ.

ಸೆಂಟು ಸಾಹೇಬ ಚಪ್ಪಾಳೆ ತಟ್ಟಿದ. ಹಿಂದಿನ ಸಾಲಿನಿಂದ ಎಣಿಕೆಯಕ್ಕ ಎದ್ದು ನಿಂತಳು.

"ಹತ್ತು ಕೋಟಿ ಇದ್ರೆ ಎಷ್ಟು ಉಳಿಯುತ್ತೆ?"

"ಉಳಿಯೋದೇ ಇಲ್ಲ ಅನ್ನಿ ಮೇಡಂ."

"ಒಂದು ಲಕ್ಷ ಉಳಿಯುತ್ತೆ. ಆ ಒಂದು ಲಕ್ಷ ಮತ್ತೆ ಹತ್ತು ಕೋಟಿ ಆಗೋಕೆ ಹತ್ತು ಸಲ ಇಬ್ಭಾಗ ಆದ್ರೆ ಸಾಕು. ಮೂರು ಗಂಟೆ ಇಪ್ಪತ್ತು ನಿಮಿಷ. ನೀವು ಮನೆಗೆ ಹೋಗಿ ಊಟ ಮಾಡಿ ಮಲಗಿ ಏಳೋದ್ರೊಳಗೆ ಎಲ್ಲಾ ವಾಪಸ್. ಅವು ಎಲ್ಲಿ ಕೂತಿವೆ ಅಂತ ಹೇಳ್ತೀರಾ, ಬರೀ ಹಲ್ಲು ತೋರಿಸ್ತೀರಾ?"

ತಜ್ಞ ಮುಂದಿನ ಚಿತ್ರಕ್ಕೆ ಹೋದ. ಅದರಲ್ಲಿ ನಗುತ್ತಿರುವ ಒಂದು ಸಂಸಾರವಿತ್ತು. ಅವನ ಭಾಷಣದಿಂದಾಗಿ ಆ ದಿನ ಯಂತ್ರ ಒಂದು ಗಂಟೆಯ ಬದಲು ಒಂದು ಗಂಟೆ ಇಪ್ಪತ್ತು ನಿಮಿಷ ನಿಂತಿತು. ನೀಲಿ ದ್ರವದ ಇಪ್ಪತ್ತು ಡಬ್ಬ ಬಂದು ಬಿದ್ದವು. ಹಾಲು ಒಡೆಯುತ್ತಲೇ ಇತ್ತು.

ಎರಡು ದಿನ ಕಳೆದ ಮೇಲೆ, ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಶಿಶುಮನೆಯೊಂದರಲ್ಲಿ ಹನ್ನೊಂದು ಮಕ್ಕಳಿಗೆ ವಾಂತಿ ಭೇದಿ ಹತ್ತಿಕೊಂಡಿತು. ಎರಡು ವರ್ಷದ ಹೆಣ್ಣು ಮಗುವೊಂದು ನಾಲ್ಕು ದಿನ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿತು. ಮಗು ಉಳಿಯಿತು. ಎಲ್ಲ ಮಕ್ಕಳೂ ಹುಷಾರಾದರು. ಆದರೆ ಕಾರ್ಖಾನೆಯ ಹಾಲಿನ ಪ್ಯಾಕೆಟ್ಟು ಆ ಶಿಶುಮನೆಯ ಅಡುಗೆಮನೆಯಲ್ಲಿತ್ತು. ಅಲ್ಲಿನ ಮುಖ್ಯಸ್ಥೆ ಅದನ್ನು ತಣ್ಣನೆಯ ಡಬ್ಬಿಯಲ್ಲಿಟ್ಟುಕೊಂಡು ನೇರವಾಗಿ ಲ್ಯಾಬಿಗೆ ಬಂದು, ಮೇಜಿನ ಮೇಲೆ ಇಟ್ಟಳು.

"ಇದನ್ನ ನೀವು ನೋಡ್ತೀರೋ, ನಾನು ಬೇರೆ ಕಡೆ ತೋರಿಸ್ಲೋ?"

ಎಣಿಕೆಯಕ್ಕ ನೋಡಿದಳು. ಎರಡು ದಿನದ ಮೇಲೆ ತಟ್ಟೆ ತೆಗೆದರೆ ಎಣಿಸಲು ಜಾಗವೇ ಇರಲಿಲ್ಲ. ಹಾಲನ್ನು ಹತ್ತು ಪಟ್ಟು, ನೂರು ಪಟ್ಟು ತೆಳುಮಾಡಿ ಮತ್ತೆ ಹಾಕಬೇಕಾಯಿತು. ಬಂದ ಅಂಕಿಯನ್ನು ರಿಪೋರ್ಟಿನಲ್ಲಿ ಬರೆದು ಸೆಂಟು ಸಾಹೇಬನ ಮೇಜಿನ ಮೇಲಿಟ್ಟಳು.

ಅವನು ಓದಿ, ಕುರ್ಚಿಯನ್ನು ಹಿಂದಕ್ಕೆ ವಾಲಿಸಿದ.

"ಮಕ್ಕಳು ಏನಕ್ಕೆ ಬೇಕಾದ್ರೂ ವಾಂತಿ ಮಾಡ್ಕೊಳ್ತವೆ. ಅವರ ಅಡುಗೆಮನೆ ಹೇಗಿದೆಯೋ. ಇಲ್ಲೊಂದು ಸೊನ್ನೆ ಜಾಸ್ತಿ ಬಿದ್ದಿದೆ ನೋಡಿ."

"ಸೊನ್ನೆ ಬಿದ್ದಿಲ್ಲ. ಇದೆ."

"ಒಂದು ಸೊನ್ನೆ ತಾನೇ? ತೆಗೀರಿ."

"ಆ ಒಂದು ಸೊನ್ನೆ ಬೆಳೆಯೋಕೆ ಅವುಕ್ಕೆ ಒಂದು ಗಂಟೆ ಆರು ನಿಮಿಷ ಬೇಕಾಯ್ತು ಸಾರ್. ನೀವು ಪೆನ್ನು ತಗೊಂಡು ಒಂದು ಕ್ಷಣದಲ್ಲಿ ಅಳಿಸ್ತೀರಾ. ಬ್ಯಾಕ್ಟೀರಿಯಾಗಾದ್ರೂ ಸ್ವಲ್ಪ ದುಡಿಮೆ ಇದೆ."

"ನೀವು ಯಾರ ಜೊತೆ ಮಾತಾಡ್ತಿದೀರಿ ಅಂತ ನೆನಪಿರಲಿ!"

"ಮೈತುಂಬ ವಾಸನೆ ಇದೆ, ಮರೆಯೋ ಹಾಗಿಲ್ಲ," ಎಂದು ಅವಳು ಎದ್ದು ಬಂದಳು.

ಲ್ಯಾಬಿಗೆ ಬಂದು, ಅವತ್ತು ಅವಳು ಕೊನೆಯ ಒಂದು ಹಟ ಮಾಡಿದಳು. ಹದಿನಾಲ್ಕೂ ಹೆಂಗಸರನ್ನು ಕರೆಸಿ ಅವರ ಅಂಗೈಗೆ ಹತ್ತಿ ಉಜ್ಜಿ, ಆ ಹತ್ತಿಯನ್ನು ಹದಿನಾಲ್ಕು ತಟ್ಟೆಗಳ ಮೇಲೆ ಸವರಿದಳು. ಕೊಳೆ ಅವರದೇ ಎಂದು ಕಣ್ಣಿಗೆ ಹೊಡೆಯುವ ಹಾಗೆ ತೋರಿಸಿಬಿಡಬೇಕು. ಹೋಲಿಕೆಗೆ ಶುದ್ಧವಾದ ಕೈಯೂ ಒಂದು ಬೇಕಲ್ಲ ಎಂದು ಹದಿನೈದನೇ ತಟ್ಟೆಗೆ ತನ್ನ ಕೈಯನ್ನೇ ಉಜ್ಜಿದಳು.

ಎರಡು ದಿನದ ಮೇಲೆ ತಟ್ಟೆಗಳನ್ನು ಹೊರಗೆ ತೆಗೆದಾಗ, ಸುರುಳಿ ಏರಿಸುವ ಹಿರಿಯ ಹೆಂಗಸು ಏನೋ ಚೀಟಿ ಕೊಡಲು ಬಂದವಳು ಅಲ್ಲೇ ನಿಂತಿದ್ದಳು. ಹದಿನಾಲ್ಕು ತಟ್ಟೆಗಳಲ್ಲೂ ಅಲ್ಲೊಂದು ಇಲ್ಲೊಂದು ಚುಕ್ಕೆ. ಹದಿನೈದನೆಯದರಲ್ಲಿ ಅವುಗಳ ಎರಡರಷ್ಟಿದ್ದವು. ಕೈ ತೊಳೆದ ಮೇಲೆ ಎಣಿಕೆಯಕ್ಕ ತನ್ನ ಕೋಟಿನ ಜೇಬಿನಲ್ಲಿದ್ದ ಕರ್ಚೀಫಿನಿಂದ ಒರೆಸಿಕೊಂಡಿದ್ದಳು.

"ಅದ್ಯಾರದು ಮೇಡಂ, ಆ ಕೊನೇದು?" ಎಂದು ಹೆಂಗಸು ಕೇಳಿದಳು.

"ನಂದು."

ಹೆಂಗಸು ಚೀಟಿ ಇಟ್ಟು ಹೋದಳು. ಅರ್ಧ ನಿಮಿಷದಲ್ಲಿ ಪ್ಯಾಕಿಂಗ್ ಕೋಣೆಯಿಂದ ಹದಿನಾಲ್ಕು ಜನರ ನಗು ಒಟ್ಟಿಗೆ ಕೇಳಿಸಿತು. ಅಷ್ಟು ಜೋರು ನಗು ಆ ಕಾರ್ಖಾನೆಯಲ್ಲಿ ಹಿಂದೆಂದೂ ಕೇಳಿಸಿರಲಿಲ್ಲ.

ಎಣಿಕೆಯಕ್ಕ ಕೂತೇ ಇದ್ದಳು. ಮಾಡಲು ಬೇರೇನೂ ತೋಚದೆ, ಕಳೆದ ಒಂದು ತಿಂಗಳ ಅಂಕಿಗಳ ಪುಸ್ತಕವನ್ನು ಮುಂದಕ್ಕೆ ಎಳೆದುಕೊಂಡಳು. ಊಟಕ್ಕೆ ಮುಂಚೆ ನಲವತ್ತು, ಊಟದ ನಂತರ ಮುನ್ನೂರ ಹತ್ತು. ಮೂವತ್ತೆಂಟು, ಮುನ್ನೂರ ಮೂರು. ನಲವತ್ತೊಂದು, ಮುನ್ನೂರ ಇಪ್ಪತ್ತೈದು. ತಿಂಗಳಿಡೀ ಅದೇ. ಎಂಟು ಪಟ್ಟು. ಪ್ರತಿದಿನವೂ ಎಂಟು ಪಟ್ಟು. ಒಂದೇ ಒಂದು ದಿನ ಮಾತ್ರ ಮೂವತ್ತೊಂಬತ್ತು ಇದ್ದದ್ದು ಆರುನೂರ ಇಪ್ಪತ್ತು ಆಗಿತ್ತು. ಹದಿನಾರು ಪಟ್ಟು. ಅದು ತಜ್ಞ ಭಾಷಣ ಮಾಡಿದ ದಿನ.

ಒಂದು ಗಂಟೆ ಯಂತ್ರ ನಿಂತರೆ ಎರಡು, ನಾಲ್ಕು, ಎಂಟು. ಇನ್ನೂ ಇಪ್ಪತ್ತು ನಿಮಿಷ ನಿಂತರೆ ಹದಿನಾರು. ದಾರಿಹೋಕರಿಗೆಲ್ಲ ಬೆರಳು ಮಡಿಸಿ ಹೇಳುತ್ತಿದ್ದ ಲೆಕ್ಕವೇ ತನ್ನ ಕೈಬರಹದಲ್ಲಿ ತಿಂಗಳಿನಿಂದ ಎದುರಿಗೇ ಕೂತಿತ್ತು. ಕೈಯ ಕೊಳೆಯಾಗಿದ್ದರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಇರುತ್ತಿತ್ತು. ಹೀಗೆ ಗಡಿಯಾರ ನೋಡಿಕೊಂಡು ಬೆಳೆಯುತ್ತಿರಲಿಲ್ಲ. ಹಾಲು ನಿಂತಿರುವ, ಬೆಚ್ಚಗಿರುವ ಜಾಗ ಪೈಪಿನೊಳಗೆ ಎಲ್ಲೋ ಇದೆ. ಯಂತ್ರ ನಿಂತಾಗ ಅಲ್ಲಿ ಸುಮ್ಮನೆ ಸಂಸಾರ ಬೆಳೆಯುತ್ತದೆ, ಯಂತ್ರ ಶುರುವಾದಾಗ ಹರಿವಿಗೆ ಸಿಕ್ಕಿ ಹೊರಗೆ ಬರುತ್ತದೆ.

"ಥೂ, ನನ್ನ ಬುದ್ಧಿಗಿಷ್ಟು," ಎಂದು ಅವಳು ಗಟ್ಟಿಯಾಗಿಯೇ ಅಂದುಕೊಂಡಳು. ಬೇರೆಯವರಿಗೆ ಮೀಸಲಿಟ್ಟಿದ್ದ ತಾತ್ಸಾರ ಮೊದಲ ಬಾರಿಗೆ ಅವಳ ಮೇಲೇ ತಿರುಗಿತ್ತು. ಅದು ಎಷ್ಟು ಕಹಿ ಎನ್ನುವುದೂ ಆಗಲೇ ತಿಳಿದದ್ದು.

ಪೈಪಣ್ಣ ಬಾಯ್ಲರ್ ಕೋಣೆಯ ಹಿಂದೆ ಕೂತು ಬೂಟು ಒಣಗಿಸುತ್ತಿದ್ದ. ಅವಳು ಅಲ್ಲಿಗೇ ಹೋದಳು.

"ಆ ಮೂಲೆ ಪೈಪು ತೋರಿಸು."

ಅವನು ಏಳಲಿಲ್ಲ. "ಅದು ಸೋಪು ಮೇಡಂ. ನೀವೇ ಹೇಳಿದ್ರಲ್ಲ."

"ತಪ್ಪಾಯ್ತು."

ಪೈಪಣ್ಣ ಬೂಟನ್ನು ತಿರುಗಿಸಿ ಇನ್ನೊಂದು ಮಗ್ಗುಲಿಗೆ ಇಟ್ಟ. ಮೂವತ್ತು ವರ್ಷ ಅವನು ಎಲ್ಲರ ಬಾಯಲ್ಲೂ ಏಕವಚನದಲ್ಲೇ ಕರೆಸಿಕೊಂಡಿದ್ದವನು. ಆ ದಿನ ಅವನಿಗೂ ಆತುರವಿರಲಿಲ್ಲ.

"ಅವತ್ತು ನೀವು ತಲೆ ಎತ್ತಿ ನನ್ನ ಮುಖ ನೋಡ್ಲಿಲ್ಲ. ಅದೇ ನನಗೆ ಬೇಜಾರು. ಸೋಪು ಅಂದಿದ್ದಕ್ಕಲ್ಲ."

ಎಣಿಕೆಯಕ್ಕ ಅವನ ಮುಖ ನೋಡಿದಳು. ಆಮೇಲೆ, "ಬನ್ನಿ. ನೀವೇ ತೋರಿಸ್ಬೇಕು. ನಂಗೆ ಗೊತ್ತಾಗಲ್ಲ," ಎಂದಳು.

ಆ 'ಬನ್ನಿ'ಗೆ ಅವನು ಎದ್ದ.

ಸ್ಪ್ಯಾನರ್ ಹಾಕಿ ಬಿರಡೆ ತಿರುಗಿಸಿದಾಗ ಮೊದಲು ವಾಸನೆ ಬಂತು. ಹುಳಿಯಲ್ಲ, ಅದನ್ನೂ ಮೀರಿದ ಕಮಟು. ಒಳಗೆ ಸುತ್ತಲೂ ಹಳದಿ ಬೂದು ಬಣ್ಣದ ಲೋಳೆ, ಬೆರಳಿನಷ್ಟು ದಪ್ಪ. ಬಿಸಿನೀರು, ಸೋಡಾ, ನೀಲಿ ದ್ರವ ಎಲ್ಲವೂ ಮುಖ್ಯ ಪೈಪಿನಲ್ಲಿ ಭರ್ರೆಂದು ಹೋಗುತ್ತಿದ್ದವು. ಈ ಕುರುಡು ಮೂಲೆಯೊಳಗೆ ತಿರುಗಿಯೂ ನೋಡುತ್ತಿರಲಿಲ್ಲ. ಕಾದ ಹಾಲಿನಲ್ಲಿ ಹೇಗೋ ಉಳಿದ ಒಂದೋ ಎರಡೋ, ಅಥವಾ ಬಿರಡೆ ಬಿಗಿಯುವಾಗ ಸೇರಿಕೊಂಡ ಒಂದೋ ಎರಡೋ ಇಲ್ಲಿ ಗೋಡೆಗೆ ಅಂಟಿಕೊಂಡಿರಬೇಕು. ಅಂಟಿಕೊಂಡು, ಮೈಸುತ್ತ ಗೋಂದು ಬಿಟ್ಟು, ಅದರೊಳಗೆ ಬೆಚ್ಚಗೆ ಕೂತು, ಎರಡಾಗಿ, ನಾಲ್ಕಾಗಿ, ಪದರದ ಮೇಲೆ ಪದರ ಕಟ್ಟಿದ್ದವು. ಮೇಲಿನ ಪದರ ಸತ್ತರೂ ಕೆಳಗಿನದಕ್ಕೆ ಏನೂ ಆಗುತ್ತಿರಲಿಲ್ಲ.

"ನೋಡಿ, ಸೋಂಬೇರಿಗಳ ಅರಮನೆ," ಎಂದಳು ಎಣಿಕೆಯಕ್ಕ.

"ಇದನ್ನ ಕಟ್ಟಿಸಿಕೊಟ್ಟೋರು ಮೇಲಿನ ಕೋಣೇಲಿ ಕೂತಿದಾರೆ," ಎಂದ ಪೈಪಣ್ಣ. ಅವನು ತಮಾಷೆ ಮಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಪ್ರತಿ ದಿನದ ಹಾಲು ಹೊರಗೆ ಹೋಗಬೇಕಾದರೆ ಲ್ಯಾಬಿನ ಸಹಿ ಬೇಕಿತ್ತು. ಅವಳು ಸಹಿ ಹಾಕಲಿಲ್ಲ. ಸೆಂಟು ಸಾಹೇಬ ಕೆಳಗೆ ಓಡಿ ಬಂದ. ಲಾರಿಗಳು ಸಾಲಾಗಿ ನಿಂತಿವೆ ಎಂದ, ಕಾರ್ಖಾನೆಯ ಹೆಸರು ಎಂದ, ನಿಮಗೆ ಇನ್ನು ಎರಡೇ ವರ್ಷ ಉಳಿದಿರೋದು ಎಂದ. ಅವಳು ಆ ಬಿರಡೆಯನ್ನೂ ಅದಕ್ಕಂಟಿದ್ದ ಲೋಳೆಯನ್ನೂ ಸ್ಟೀಲ್ ಬೋಗುಣಿಯಲ್ಲಿಟ್ಟು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಹೊರಗೆ ಓಡಿದ. ಅಂಗಳದಲ್ಲಿ ಕೆಮ್ಮಿದ್ದು ಒಳಗಿನವರಿಗೆಲ್ಲ ಕೇಳಿಸಿತು. ಸೆಂಟು ಉಪಯೋಗಕ್ಕೆ ಬರಲಿಲ್ಲ.

ಮೂರು ದಿನ ಯಂತ್ರ ನಿಂತಿತು. ಕುರುಡು ಕೊಳವೆಯನ್ನು ಬುಡಸಮೇತ ಕತ್ತರಿಸಿ ತೆಗೆದು, ಆ ಜಾಗವನ್ನು ಬೆಸೆದು ನುಣ್ಣಗೆ ಮಾಡಿದರು. ನಾಲ್ಕನೇ ದಿನದ ಊಟದ ನಂತರದ ಮೊದಲ ಪ್ಯಾಕೆಟ್ಟಿನ ತಟ್ಟೆಯಲ್ಲಿ ಐದು ಚುಕ್ಕೆಗಳಿದ್ದವು.

ಎಣಿಕೆಯಕ್ಕ ಎರಡು ಪುಟದ ವರದಿ ಬರೆದಳು. ಕೊಳವೆ ಯಾವ ದಿನ, ಯಾರ ಆತುರಕ್ಕೆ ಹಾಗೇ ಉಳಿಯಿತು ಎಂದು ಬರೆದಳು. ಅದನ್ನು ಮೊದಲು ಕಂಡವನು ಪೈಪು ತೊಳೆಯುವವನು, ಅವನು ಇಂಥ ದಿನ ಬಂದು ಹೇಳಿದ, ಲ್ಯಾಬಿನ ಮುಖ್ಯಸ್ಥೆಯಾದ ನಾನು ಕೇಳಲಿಲ್ಲ, ಆ ನಂತರದ ಹಾಲಿಗೆ ನಾನೂ ಹೊಣೆ ಎಂದೂ ಬರೆದಳು. ಸೆಂಟು ಸಾಹೇಬ ಅದನ್ನು ಓದಿ ಮೇಜಿನ ಖಾನೆಗೆ ಹಾಕಿ ಬೀಗ ಜಡಿದ. ಎರಡನೇ ಪ್ರತಿಯನ್ನು ಅವಳು ಊಟದ ಕೋಣೆಯ ಗೋಡೆಗೆ ಅಂಟಿಸಿದಳು. ಮೂರನೆಯದು ಶಿಶುಮನೆಯ ಮುಖ್ಯಸ್ಥೆಗೆ ಹೋಯಿತು. ಗೋಡೆಯದನ್ನು ಮರುದಿನ ಕಿತ್ತರು. ಅಷ್ಟರಲ್ಲಿ ಎಲ್ಲರೂ ಓದಿದ್ದರು, ಓದಲು ಬಾರದವರು ಓದಿಸಿಕೊಂಡಿದ್ದರು.

ಶಿಶುಮನೆಯ ಹೆಂಗಸು ಸುಮ್ಮನೆ ಕೂರುವವಳಲ್ಲ. ಮೇಲಿನಿಂದ ವಿಚಾರಣೆಗೆ ಜನ ಬಂದರು. ಬಂದವರು ನುಣ್ಣಗಿನ ಪೈಪು ನೋಡಿ, ಹೊಸ ಯಂತ್ರ ನೋಡಿ, ಇಷ್ಟು ಬೇಗ ದೋಷ ಪತ್ತೆ ಹಚ್ಚಿ ಸರಿಪಡಿಸಿದ್ದಕ್ಕೆ ಮ್ಯಾನೇಜರನನ್ನು ಹೊಗಳಿ ಬರೆದು ಹೋದರು. ಆರು ತಿಂಗಳಲ್ಲಿ ಅವನಿಗೆ ಬಡ್ತಿಯಾಗಿ ಇನ್ನೂ ದೊಡ್ಡ ಕಾರ್ಖಾನೆಗೆ ಹೋದ. ಅಂಥವರು ಇದ್ದ ಕಡೆಯಿಂದ ಕದಲುವುದೇ ಮೇಲಕ್ಕೆ. ಹೋಗುವ ಮುಂಚೆ ಅವನು ಮಾಡಿದ ಕೊನೆಯ ಕೆಲಸವೆಂದರೆ ಎಣಿಕೆಯಕ್ಕನನ್ನು ಲ್ಯಾಬಿನಿಂದ ಎತ್ತಿ ಗೋದಾಮಿಗೆ ಹಾಕಿದ್ದು.

ಅವಳ ಕೊನೆಯ ಹದಿನೆಂಟು ತಿಂಗಳು ಅಲ್ಲೇ ಕಳೆದವು. ಪ್ಲಾಸ್ಟಿಕ್ ಸುರುಳಿ, ಪೊರಕೆ, ಬಳಸದೆ ಉಳಿದ ನೀಲಿ ದ್ರವದ ಡಬ್ಬಗಳು. ಮೊದಲ ವಾರ ತಮ್ಮನ ಹೆಂಡತಿ, ಮೇಲಿನವರಿಗೆ ಅರ್ಜಿ ಕೊಡಿ ಎಂದಳು.

"ಅಕ್ಕಾ, ಇಷ್ಟು ವರ್ಷ ದುಡಿದಿದೀರಿ. ಹೀಗೆ ಮಾಡಿದ್ರೆ ಬಾಯಿ ಮುಚ್ಕೊಂಡು ಇರ್ತೀರಾ?"

"ಯಾರಿಗೆ ಕೊಡ್ಲಿ? ಮೇಲಿರೋರೆಲ್ಲ ಅವನದೇ ಹೋಳು," ಎಂದಳು ಎಣಿಕೆಯಕ್ಕ. ಆಮೇಲೆ ಅವಳಿಗೆ ಎಂದೂ ಹೇಳದ ಮಾತೊಂದನ್ನು ಹೇಳಿದಳು. "ಅವತ್ತು ನಿಮ್ಮಮ್ಮನ ವಿಷಯ ಹಾಗೆ ಅನ್ನಬಾರದಿತ್ತು."

ತಮ್ಮನ ಹೆಂಡತಿಗೆ ಯಾವತ್ತಿನ ಮಾತು ಎಂದು ತಕ್ಷಣ ತಿಳಿಯಿತು. ಅವಳು ಪಾತ್ರೆ ತೊಳೆಯುತ್ತಲೇ, "ಆ ಇಬ್ಬರಲ್ಲಿ ಒಬ್ಬಳು ನನ್ನ ಅವಳಿ ಅಕ್ಕ," ಎಂದಳು. ಎಣಿಕೆಯಕ್ಕನಿಗೆ ಅದು ಗೊತ್ತಿರಲಿಲ್ಲ. ಹದಿನೈದು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೂ ಅವಳು ಕೇಳಿರಲಿಲ್ಲ.

ಇದರಿಂದ ಅವಳು ಮೆತ್ತಗಾದಳು ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಗೋದಾಮಿನಲ್ಲೂ ಜನ ಅವಳ ನಾಲಿಗೆಗೆ ಹೆದರುತ್ತಲೇ ಇದ್ದರು. ಬದಲಾದದ್ದು ಒಂದೇ. ಯಾರಾದರೂ ಬಾಗಿಲಲ್ಲಿ ನಿಂತು ಏನಾದರೂ ಹೇಳಿದರೆ, ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಕನ್ನಡಕ ಮೇಲಕ್ಕೆ ಸರಿಸಿ, ಅವರು ಮಾತು ಮುಗಿಸುವವರೆಗೂ ಮುಖ ನೋಡುತ್ತಿದ್ದಳು. ಆಮೇಲೆ ಬೈಯುವುದಿದ್ದರೆ ಬೈಯುತ್ತಿದ್ದಳು.

ಪೈಪಣ್ಣ ಅವಳಿಗಿಂತ ಮೊದಲೇ ನಿವೃತ್ತನಾದ. ಅವನಿಗೆ ಕಾರ್ಖಾನೆ ಕೊಟ್ಟದ್ದು ಒಂದು ಹಾರ, ಒಂದು ಗೋಡೆ ಗಡಿಯಾರ. ಹೋಗುವ ದಿನ ಅವನು ಗೋದಾಮಿನ ಬಾಗಿಲಿಗೆ ಬಂದು, "ಬರ್ತೀನಿ ಮೇಡಂ," ಎಂದ. ಅವತ್ತು ಒದ್ದೆ ಬೂಟಿರಲಿಲ್ಲ, ಒಣ ಚಪ್ಪಲಿ ಹಾಕಿಕೊಂಡಿದ್ದ. ಅವಳು ಒಳಗೆ ಬನ್ನಿ ಎಂದು ಕರೆದು ಕುರ್ಚಿ ಎಳೆದು ಹಾಕಿದಳು. ಅವನು ಕೂರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ನಡೆದ.